ಸೈಕಾಸ್ ಸರ್ಸಿನಾಲಿಸ್ ಎಂಬ ಫಲಕದ ಹಿಂದೆ ಇರುವುದು ಯಾವ ಗಿಡ?

ಗರಿಗೊಂಚಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಸೈಕಡ್ (ತಾಳೆಯಂತೆ ಕಾಣುವ, ಹೂ ಬಿಡದೆ ಬೀಜ ಕಟ್ಟುವ ಗಿಡ) ಸಂಗ್ರಹದ ಫಲಕಗಳನ್ನು ಹೊಸದಾಗಿ ಬರೆಸಬೇಕಿದೆ. ಹಳೆಯ ಫಲಕ, ಪಠ್ಯಪುಸ್ತಕ, ಈಗಿನ ಆನ್‌ಲೈನ್ ಪಟ್ಟಿ ಮೂರೂ ಒಂದೊಂದು ಹೇಳುತ್ತಿವೆ. ತಿಳಿದವರು ಬಿಡಿಸಿ ಹೇಳಬೇಕು.

ಮುಖ್ಯ ತೊಂದರೆ ಎರಡು ದೊಡ್ಡ ಹೆಣ್ಣು ಗಿಡಗಳದ್ದು. ಎರಡಕ್ಕೂ "ಸೈಕಾಸ್ ಸರ್ಸಿನಾಲಿಸ್" ಎಂಬ ಹಳೆಯ ಫಲಕವಿದೆ. ಗರಿ ಸುಮಾರು 2 ಮೀಟರ್, ಕಿರುಎಲೆ 25 ಸೆಂಟಿಮೀಟರ್ ಆಸುಪಾಸು, ತೊಟ್ಟಿನ ಎರಡೂ ಬದಿಗೆ ಸಣ್ಣ ಮುಳ್ಳು. ಅಳತೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಫೋಟೊ ನೋಡಿ ಗುರುತಿಸುವ ಆ್ಯಪ್ ಒಂದು ಸಲ ಸರ್ಸಿನಾಲಿಸ್ ಎನ್ನುತ್ತದೆ, ಇನ್ನೊಂದು ಸಲ ರಂಫಿಯೈ, ಮತ್ತೊಂದು ಸಲ ಥುವಾರ್ಸಿಯೈ. ಹಳೆಯ ಪುಸ್ತಕಗಳ ಪ್ರಕಾರ ಸರ್ಸಿನಾಲಿಸ್ ಪೂರ್ವ ಆಫ್ರಿಕದಿಂದ ಪೆಸಿಫಿಕ್ ದ್ವೀಪಗಳವರೆಗೆ ಇದೆ. ಹೊಸ ಪಟ್ಟಿಯಲ್ಲಿ ದಕ್ಷಿಣ ಭಾರತ ಮಾತ್ರ. ಹಾಗಾದರೆ ಹೆಸರು ಬದಲಾಯಿತೇ? ರಂಫಿಯೈ ಎಂದರೆ ಸರ್ಸಿನಾಲಿಸ್‌ಗೆ ಇನ್ನೊಂದು ಹೆಸರೇ? ಗಿಡ ನೋಡಿ ತೀರ್ಮಾನಿಸಲು ಏನನ್ನು ನೋಡಬೇಕು?

ಜೊತೆಗೆ ಎರಡು ಸಣ್ಣ ಸಂಶಯ. ಮೊಣಕಾಲೆತ್ತರದ ಗಿಡವೊಂದಕ್ಕೆ "ಝಾಮಿಯಾ ಫಿಷರಿ" ಎಂದಿದೆ, ಆದರೆ ಕಿರುಎಲೆ ಪುಸ್ತಕದ ವರ್ಣನೆಗಿಂತ ಅಗಲ. ಇನ್ನು ಸ್ಟ್ಯಾಂಗೇರಿಯಾ ಗಿಡಕ್ಕೆ ಕುಟುಂಬ "ಸ್ಟ್ಯಾಂಗೇರಿಯೇಸಿ" ಎಂದಿದೆ. ಅದನ್ನು ಹಾಗೇ ಉಳಿಸಬಹುದೇ?

ಒಣಮಾದರಿ

ಮೊದಲು ಹೆಸರಿನ ವಿಷಯ ಮುಗಿಸೋಣ, ಗಿಡದ ವಿಷಯ ಆಮೇಲೆ. ಎರಡನ್ನೂ ಬೆರೆಸಿದ್ದರಿಂದಲೇ ಇಷ್ಟು ಗೊಂದಲವಾಗಿರುವುದು.

ಸಸ್ಯದ ವೈಜ್ಞಾನಿಕ ಹೆಸರು ಯಾವುದೇ ವರ್ಣನೆಗೆ ಅಥವಾ ನಕ್ಷೆಗೆ ಕಟ್ಟಿಹಾಕಿದ್ದಲ್ಲ. ಅದು ಒಂದೇ ಒಂದು ಟೈಪ್ ಮಾದರಿಗೆ, ಅಂದರೆ ಆ ಹೆಸರಿಗೆ ಆಧಾರವೆಂದು ಗೊತ್ತುಮಾಡಿದ ಮಾದರಿಗೆ ಅಥವಾ ಚಿತ್ರಕ್ಕೆ ಕಟ್ಟಿದ್ದು. ಲಿನೇಯಸ್ 1753ರಲ್ಲಿ ಸೈಕಾಸ್ ಸರ್ಸಿನಾಲಿಸ್ ಎಂದು ಹೆಸರಿಟ್ಟಾಗ ಆಧಾರವಾಗಿದ್ದದ್ದು 1682ರ ಹೊರ್ಟಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥದ ಮೂರನೇ ಸಂಪುಟದ "ತೊಡ್ಡ ಪನ್ನ". ಮಲಬಾರಿನ ಗಿಡ ಅದು. ಆದ್ದರಿಂದ ಯಾರು ಎಷ್ಟು ಪ್ರಭೇದಗಳಾಗಿ ಒಡೆದರೂ ಒಟ್ಟುಗೂಡಿಸಿದರೂ ಸರ್ಸಿನಾಲಿಸ್ ಎಂಬ ಹೆಸರು ಪಶ್ಚಿಮಘಟ್ಟದ ಆ ಗಿಡವನ್ನು ಬಿಟ್ಟು ಹೋಗುವುದಿಲ್ಲ.

ಆಮೇಲಿನವರು ಗರಿ ನೋಡಿದರು, ಉದ್ದ ಕಾಂಡ ನೋಡಿದರು, "ಇದೂ ಅದೇ" ಎಂದು ಆಫ್ರಿಕದ ಕರಾವಳಿಯಿಂದ ಗುವಾಮ್ ತನಕ ಸಿಕ್ಕಿದ್ದಕ್ಕೆಲ್ಲ ಅದೇ ಹೆಸರು ಹಚ್ಚಿದರು. ಆ ಗುಂಪಿನಲ್ಲಿ ಕನಿಷ್ಠ ಇಷ್ಟು ಬೇರೆ ಪ್ರಭೇದಗಳಿವೆ: ಪೂರ್ವ ಆಫ್ರಿಕ, ಮಡಗಾಸ್ಕರ್, ಕೊಮೊರೊಸ್ ದ್ವೀಪಗಳ ಸೈಕಾಸ್ ಥುವಾರ್ಸಿಯೈ, ಇಂಡೊನೇಷ್ಯಾದ ಪೂರ್ವದ ದ್ವೀಪಗಳು ಮತ್ತು ನ್ಯೂಗಿನಿ ಕಡೆಯ ಸೈಕಾಸ್ ರಂಫಿಯೈ (ಮಿಕೆಲ್, 1839), ಗುವಾಮ್ ಮತ್ತು ಸುತ್ತಲಿನ ದ್ವೀಪಗಳ ಸೈಕಾಸ್ ಮೈಕ್ರೊನೇಸಿಕಾ, ಇದನ್ನು ಕೆನ್ ಹಿಲ್ ಹೆಸರಿಸಿದ್ದು 1994ರಲ್ಲಿ. ಶ್ರೀಲಂಕಾದ ಗಿಡಗಳಿಗೂ ಈಗ ನಾಥೋರ್ಸ್ಟಿಯೈ, ಝೈಲಾನಿಕಾ ಎಂಬ ಬೇರೆ ಹೆಸರುಗಳಿವೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ರಂಫಿಯೈ ಎನ್ನುವುದು ಸರ್ಸಿನಾಲಿಸ್‌ನ ಸಿನೊನಿಮ್ ಅಲ್ಲ. ಸಿನೊನಿಮ್ ಎಂದರೆ ಒಂದೇ ಪ್ರಭೇದಕ್ಕೆ ವಿಧಿವತ್ತಾಗಿ ಪ್ರಕಟವಾದ ಎರಡು ಹೆಸರು. ಇಲ್ಲಿ ಆಗಿರುವುದು ತಪ್ಪು ಅನ್ವಯ, ಅಂದರೆ ಸರಿಯಾದ ಹೆಸರನ್ನು ಬೇರೆ ಗಿಡಕ್ಕೆ ಅಂಟಿಸಿದ್ದು. ಗ್ರಂಥಗಳಲ್ಲಿ "ಸೈಕಾಸ್ ಸರ್ಸಿನಾಲಿಸ್ ಆಕ್ಟ್. ನಾನ್ ಎಲ್." ಎಂದು ಕಂಡರೆ ಅದರ ಅರ್ಥ ಇಷ್ಟೇ: ಲೇಖಕರು ಹೀಗೆ ಕರೆದಿದ್ದಾರೆ, ಆದರೆ ಅದು ಲಿನೇಯಸ್ ಹೆಸರಿಟ್ಟ ಗಿಡವಲ್ಲ. ಸಿನೊನಿಮ್ ಆಗಿದ್ದರೆ ಪಟ್ಟಿ ನೋಡಿ ಮೇಜಿನ ಮೇಲೇ ಹೆಸರು ಬದಲಿಸಬಹುದು. ತಪ್ಪು ಅನ್ವಯವಾಗಿದ್ದರೆ ಪ್ರತಿ ಗಿಡದ ಬುಡಕ್ಕೂ ಹೋಗಿ ನೋಡಲೇಬೇಕು.

ಇದು ಬರೀ ಫಲಕದ ವಿಷಯವೂ ಅಲ್ಲ. ನರಗಳಿಗೆ ವಿಷವೆಂದು ಶಂಕಿಸಲಾದ ಬಿಎಂಎಎ ಎಂಬ ಅಮೈನೊ ಆಮ್ಲವನ್ನು 1967ರಲ್ಲಿ ವರದಿ ಮಾಡಿದ್ದು "ಸೈಕಾಸ್ ಸರ್ಸಿನಾಲಿಸ್" ಬೀಜದಿಂದ ಎಂದು. ಗುವಾಮ್‌ನ ನರರೋಗದ ಬಗ್ಗೆ ದಶಕಗಳ ಕಾಲ ಬಂದ ಬರಹಗಳಲ್ಲೂ ಅದೇ ಹೆಸರು. ಗುವಾಮ್‌ನಲ್ಲಿ ಸಹಜವಾಗಿ ಬೆಳೆಯುವ ಸೈಕಾಸ್ ಈಗಿನ ಲೆಕ್ಕದಲ್ಲಿ ಮೈಕ್ರೊನೇಸಿಕಾ. ಹಳೆಯ ಬರಹದ ಅಂಕಿಅಂಶ ತೆಗೆದುಕೊಳ್ಳುವಾಗ ಮಾದರಿ ಎಲ್ಲಿಂದ ಬಂತೆಂದು ನೋಡದೆ ಸರ್ಸಿನಾಲಿಸ್ ಖಾತೆಗೆ ಹಾಕಿದರೆ ವಿಜ್ಞಾನವೇ ತಪ್ಪಾಗುತ್ತದೆ.

ಇದರ ತಿರುವುಮುರುವು ಉದಾಹರಣೆಯೂ ಇದೆ. ತೈವಾನಿನ ಕಾಡಿನ ಸೈಕಾಸ್‌ಗೆ ಬಹಳ ಕಾಲ ಸೈಕಾಸ್ ತೈವಾನಿಯಾನಾ ಎನ್ನುತ್ತಿದ್ದರು. ಕರುಥರ್ಸ್ 1893ರಲ್ಲಿ ಆ ಹೆಸರು ಕೊಟ್ಟ ಗಿಡ ದಕ್ಷಿಣ ಚೀನಾದ ಪ್ರಭೇದವೆಂದು ತಿಳಿದ ಮೇಲೆ, ತೈವಾನಿನ ಗಿಡಕ್ಕೆ 1994ರಲ್ಲಿ ತೈತುಂಗೆನ್ಸಿಸ್ ಎಂಬ ಹೊಸ ಹೆಸರು ಬೇಕಾಯಿತು. ಹೆಸರಿನೊಳಗೆ ಊರಿದೆ ಎಂದು ಗಿಡ ಆ ಊರಿನದಾಗುವುದಿಲ್ಲ.

ಮುಳ್ಳುತೊಟ್ಟು

ಒಣಮಾದರಿ ಅವರು ಹೇಳಿದ್ದು ಸರಿ. ಗಿಡದ ಬುಡದಲ್ಲಿ ಏನು ಮಾಡಬೇಕೆಂದು ನಾನು ಹೇಳುತ್ತೇನೆ.

ಗರಿಯ ಅಳತೆ ಬಿಟ್ಟುಬಿಡಿ. ಜೀನಸ್ (ಹತ್ತಿರದ ಪ್ರಭೇದಗಳ ಗುಂಪು) ಗುರುತಿಸಲು ಗರಿ ಸಾಕು. ಕಿರುಎಲೆಯ ನಡುವೆ ಒಂದೇ ದಪ್ಪ ನರ, ಪಕ್ಕದ ನರಗಳಿಲ್ಲ ಎಂದರೆ ಸೈಕಾಸ್. ನಡುನರದಿಂದ ಜರಿಗಿಡದಂತೆ ಪಕ್ಕಕ್ಕೆ ನರಗಳು ಹೊರಟಿದ್ದರೆ ಸ್ಟ್ಯಾಂಗೇರಿಯಾ. ಗರಿ ಎರಡು ಸಲ ಕವಲೊಡೆದಿದ್ದರೆ ಬೋವೇನಿಯಾ, ಆದರೆ ಸೈಕಾಸ್‌ನಲ್ಲೂ ಮಲ್ಟಿಪಿನ್ನಾಟಾ, ದೆಬಾವೊಯೆನ್ಸಿಸ್‌ನಂಥ ಕೆಲವು ಕವಲೊಡೆಯುತ್ತವೆ, ಆಗ ಮತ್ತೆ ನರ ನೋಡಬೇಕು. ನಡುನರವಿಲ್ಲದೆ ಸಮಾನಾಂತರ ನರಗಳಷ್ಟೇ ಇದ್ದರೆ ಝಾಮಿಯಾ, ಡಯೂನ್, ಎನ್ಸೆಫಲಾರ್ಟೋಸ್, ಮ್ಯಾಕ್ರೋಝಾಮಿಯಾ ಮುಂತಾದವು. ಅವುಗಳಲ್ಲಿ ಝಾಮಿಯಾ ಮತ್ತು ಸೆರಾಟೋಝಾಮಿಯಾದ ಹಳೆಯ ಕಿರುಎಲೆ ಬುಡದ ಗಂಟಿನಲ್ಲಿ ಕಳಚಿ ಬಿದ್ದು, ಗರಿಯ ನಡುದಂಡದ ಮೇಲೆ ನಯವಾದ ಕಲೆ ಉಳಿಯುತ್ತದೆ.

ಪ್ರಭೇದದ ಮಟ್ಟಕ್ಕೆ ಬಂದರೆ ಗರಿ ಮೋಸ ಮಾಡುತ್ತದೆ. ನೆರಳಿನಲ್ಲಿ ಬೆಳೆದದ್ದು ಉದ್ದ, ಅಗಲ, ಚಪ್ಪಟೆ. ಬಿಸಿಲಿನದ್ದು ಗಿಡ್ಡ, ಬಿರುಸು. ಅಂಚು ಕೆಳಮೈ ಕಡೆಗೆ ಸುರುಳಿಯಾಗುವುದೇ ಸೈಕಾಸ್ ರೆವೊಲ್ಯೂಟದ ಗುರುತು, ಅದೂ ದಟ್ಟ ನೆರಳಲ್ಲಿ ಸಡಿಲವಾಗುತ್ತದೆ. ಎಳೆ ಗಿಡದ ಗರಿಗೂ ಬಲಿತ ಗಿಡದ ಗರಿಗೂ ಮುಳ್ಳಿನ ಲೆಕ್ಕ ಹೊಂದುವುದಿಲ್ಲ. ಮ್ಯಾಂಗನೀಸ್ ಕೊರತೆಯಾದಾಗ ಹೊಸ ಗರಿ ಹಳದಿಯಾಗಿ ಮುದುಡಿ ಬರುತ್ತದೆ, ಅದನ್ನು ಅಳೆದರೆ ಯಾವ ಪುಸ್ತಕಕ್ಕೂ ಹೊಂದದ "ಹೊಸ ಪ್ರಭೇದ" ಸಿಗುತ್ತದೆ. ಆ್ಯಪ್ ನೋಡುವುದೂ ಗರಿಯನ್ನೇ, ಅದಕ್ಕೇ ದಿನಕ್ಕೊಂದು ಉತ್ತರ ಬರುತ್ತಿದೆ.

ನೋಡಬೇಕಾದದ್ದು ಮೂರು: ಬೀಜ ಹೊರುವ ಎಲೆ, ಅಂದರೆ ಮೆಗಾಸ್ಪೊರೊಫಿಲ್, ಬೀಜದ ಒಳಗು, ಗಂಡು ಕೋನಿನ (ಪರಾಗ ಬಿಡುವ ಶಂಕುವಿನಂಥ ಭಾಗ) ಶಲ್ಕ. ನಿಮ್ಮಲ್ಲಿರುವುದು ಹೆಣ್ಣು ಗಿಡಗಳಾದ್ದರಿಂದ ಮೊದಲ ಎರಡು ಸಿಗುತ್ತವೆ.

ಮೆಗಾಸ್ಪೊರೊಫಿಲ್ ತೆಗೆಯುವ ಹೊತ್ತು ಮುಖ್ಯ. ಅಂಡಕಗಳು, ಅಂದರೆ ಮುಂದೆ ಬೀಜವಾಗುವ ಭಾಗಗಳು, ಪರಾಗ ಸ್ವೀಕರಿಸುವ ಹೊತ್ತಿನಲ್ಲಿ ಅಥವಾ ಆದ ಸ್ವಲ್ಪ ದಿನದಲ್ಲೇ ತೆಗೆಯಿರಿ. ಬೀಜ ಬಲಿಯುವಷ್ಟರಲ್ಲಿ ತುದಿಯ ಅಗಲ ಭಾಗ ಒಣಗಿ ಹಲ್ಲುಗಳು ಮುರಿದಿರುತ್ತವೆ. ಆಗ ಹಲ್ಲಿದ್ದ ಗಿಡವೂ ಹಲ್ಲಿಲ್ಲದ್ದರಂತೆ ಕಾಣುತ್ತದೆ, ಸರ್ಸಿನಾಲಿಸ್ ರಂಫಿಯೈ ಆಗಿಬಿಡುತ್ತದೆ. ಗೊಂಚಲಿನ ನಡುವಿನಿಂದ ನಾಲ್ಕೈದು ಎಲೆ ಬುಡಸಮೇತ ಕಿತ್ತು, ಬಿಳಿ ಹಾಳೆಯ ಮೇಲೆ ಸ್ಕೇಲಿನ ಜೊತೆ ಇಟ್ಟು ಎರಡೂ ಮೈ ಫೋಟೊ ತೆಗೆಯಿರಿ. ತುದಿಭಾಗವನ್ನು ಹತ್ತಿರದಿಂದ ಇನ್ನೊಂದು ಸಲ ತೆಗೆಯಿರಿ.

ಏನು ಕಾಣಬೇಕು: ಸರ್ಸಿನಾಲಿಸ್‌ನಲ್ಲಿ ಈಟಿಯಾಕಾರದ ತುದಿಭಾಗದ ಎರಡೂ ಅಂಚಿಗೆ ಸಾಲಾಗಿ ಚೂಪಾದ ಗಿಡ್ಡ ಹಲ್ಲುಗಳು, ತುದಿಯ ಮುಳ್ಳು ಅವುಗಳಿಗಿಂತ ಸ್ಪಷ್ಟವಾಗಿ ಉದ್ದ. ರಂಫಿಯೈಯಲ್ಲಿ ತುದಿಭಾಗ ಕಿರಿದು, ಅಂಚಿನಲ್ಲಿ ಹಲ್ಲು ಇದೆಯೋ ಇಲ್ಲವೋ ಎಂಬಷ್ಟೇ. ರೆವೊಲ್ಯೂಟ, ಪೆಕ್ಟಿನಾಟಾಗಳಲ್ಲಿ ಅಂಚು ಬಾಚಣಿಗೆಯ ಹಾಗೆ ಆಳಕ್ಕೆ ಸೀಳಿರುತ್ತದೆ, ಇವೆರಡರ ಜೊತೆ ಗೊಂದಲವಾಗುವ ಸಂಭವವಿಲ್ಲ. ಅಂಡಕದ ಮೇಲೆ ಕೈಯಾಡಿಸಿ. ರೆವೊಲ್ಯೂಟ ಮತ್ತು ತೈತುಂಗೆನ್ಸಿಸ್ ಅಂಡಕಕ್ಕೆ ದಟ್ಟ ರೋಮ, ಸರ್ಸಿನಾಲಿಸ್, ರಂಫಿಯೈ ಎರಡರದ್ದೂ ನುಣುಪು.

ಇನ್ನು ಬೀಜ. ಇದೇ ನಿರ್ಣಾಯಕ. ರಂಫಿಯೈ, ಥುವಾರ್ಸಿಯೈ, ಮೈಕ್ರೊನೇಸಿಕಾಗಳ ಗುಂಪಿನಲ್ಲಿ ಗಟ್ಟಿ ಚಿಪ್ಪಿನ ಒಳಮೈಗೆ ಸ್ಪಂಜಿನಂಥ ಪದರವಿರುತ್ತದೆ. ಅದರ ಬಲದಿಂದಲೇ ಬೀಜ ಸಮುದ್ರದಲ್ಲಿ ತೇಲಿ ದ್ವೀಪದಿಂದ ದ್ವೀಪಕ್ಕೆ ಹೋಗಿರುವುದು. ಸರ್ಸಿನಾಲಿಸ್‌ನಲ್ಲಿ ಈ ಪದರವಿಲ್ಲ. ಚಿಪ್ಪಿನ ಒಳಗೆ ಕಾಗದದಂಥ ತೆಳು ಪೊರೆ, ಕೂಡಲೇ ಬಿಳಿ ತಿರುಳು.

ಹೀಗೆ ಮಾಡಿ. ಪ್ರತಿ ಗಿಡದಿಂದ ಬಲಿತ 6ರಿಂದ 10 ಬೀಜ ತೆಗೆದುಕೊಳ್ಳಿ, ಎರಡು ಗಿಡದವು ಬೆರೆಯದಂತೆ ಬೇರೆ ಚೀಲದಲ್ಲಿ ಗುರುತು ಬರೆದಿಡಿ. ಎರಡು ಮೂರು ದಿನ ನೀರಲ್ಲಿ ನೆನೆಸಿ ಹೊರಸಿಪ್ಪೆ ಉಜ್ಜಿ ತೆಗೆಯಿರಿ. ಬೀಜವನ್ನು ವೈಸ್‌ನಲ್ಲಿ ಹಿಡಿಸಿ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಕೊಯ್ಯಿರಿ. ಚಾಕು ಬೇಡ, ಚಿಪ್ಪು ಜಾರಿ ಕೈ ಕೊಯ್ಯುತ್ತದೆ, ಸಿಡಿದು ಒಳಪದರವೂ ಹಾಳಾಗುತ್ತದೆ. ಸೈಕಡ್ ಬೀಜದಲ್ಲಿ ಸೈಕಾಸಿನ್ ಎಂಬ ವಿಷವಿದೆ. ಕೈಗವಸು ಹಾಕಿ, ಪುಡಿ ಬಾಯಿಗೆ ಹೋಗದಂತೆ ನೋಡಿ, ಚೂರುಗಳನ್ನು ನಾಯಿ, ದನಗಳಿಗೆ ಎಟುಕದಂತೆ ವಿಲೇವಾರಿ ಮಾಡಿ.

ಎಡವುವುದು ಎಲ್ಲಿ ಎಂದರೆ, ಬಹಳ ಮಂದಿ ಕೊಯ್ಯುವುದು ಬಿಟ್ಟು ನೀರಿಗೆ ಹಾಕಿ ತೇಲುತ್ತದೆಯೇ ನೋಡುತ್ತಾರೆ. ಪರಾಗ ಸೇರದಿದ್ದರೂ ಸೈಕಾಸ್ ಅಂಡಕ ಎಷ್ಟೋ ಸಲ ಬೀಜದ ಗಾತ್ರಕ್ಕೆ ಬೆಳೆದುಬಿಡುತ್ತದೆ. ಅಂಥ ಜೊಳ್ಳು ಬೀಜ ಯಾವ ಪ್ರಭೇದದ್ದಾದರೂ ತೇಲುತ್ತದೆ. ತಿಂಗಳುಗಟ್ಟಲೆ ಒಣಗಿದ ಬೀಜವೂ ತೇಲುತ್ತದೆ, ಏಕೆಂದರೆ ತಿರುಳು ಕುಗ್ಗಿ ಚಿಪ್ಪಿಗೂ ತಿರುಳಿಗೂ ನಡುವೆ ಗಾಳಿ ಸೇರಿರುತ್ತದೆ. ಆ ಖಾಲಿ ಜಾಗವನ್ನೇ ಸ್ಪಂಜಿನ ಪದರ ಎಂದು ತಪ್ಪು ತಿಳಿಯುವುದೂ ಉಂಟು. ನಿಜವಾದ ಪದರ ಚಿಪ್ಪಿಗೆ ಅಂಟಿಕೊಂಡಿರುತ್ತದೆ, ಉಗುರಿನಿಂದ ಒತ್ತಿದರೆ ತಗ್ಗುತ್ತದೆ. ಆದ್ದರಿಂದ ತಾಜಾ ಬೀಜವನ್ನೇ ಕೊಯ್ಯಿರಿ.

ಗರಿಗೊಂಚಲು

ಇಬ್ಬರಿಗೂ ಧನ್ಯವಾದ. ಬೀಜ ಕೊಯ್ದು ನೋಡಿಯಾಯಿತು. ಮೊದಲ ಗಿಡದ್ದರಲ್ಲಿ ಪದರವಿಲ್ಲ, ಮೆಗಾಸ್ಪೊರೊಫಿಲ್ ಅಂಚಿಗೆ ಚೂಪು ಹಲ್ಲುಗಳ ಸಾಲು. ಎರಡನೆಯದು ತೊಡಕು. ಪದರ ಇದೆ, ಆದರೆ ತೆಳು, ಎಲ್ಲ ಬೀಜದಲ್ಲೂ ಒಂದೇ ದಪ್ಪವಿಲ್ಲ. ಮೆಗಾಸ್ಪೊರೊಫಿಲ್ ಅಂಚಿನ ಹಲ್ಲು ರಂಫಿಯೈಗೆ ಹೆಚ್ಚು, ಸರ್ಸಿನಾಲಿಸ್‌ಗೆ ಕಡಿಮೆ. ದಾಖಲೆಯಲ್ಲಿ "ಉದ್ಯಾನದ ಬೀಜದಿಂದ ಬೆಳೆಸಿದ್ದು" ಎಂದಷ್ಟೇ ಇದೆ. ಡಿಎನ್‌ಎ ಪರೀಕ್ಷೆಗೆ ಕಳಿಸಿದರೆ ತೀರ್ಮಾನ ಆಗುತ್ತದೆಯೇ?

ಪರಾಗಧೂಳು

"ಉದ್ಯಾನದ ಬೀಜದಿಂದ" ಎಂಬ ಎರಡು ಪದದಲ್ಲೇ ನಿಮ್ಮ ಉತ್ತರ ಇರುವ ಸಂಭವ ಹೆಚ್ಚು. ಸೈಕಡ್‌ಗಳಲ್ಲಿ ಗಂಡು ಹೆಣ್ಣು ಗಿಡ ಬೇರೆ ಬೇರೆ. ಉದ್ಯಾನದಲ್ಲಿ ಹೆಣ್ಣು ಗಿಡ ಬೀಜ ಕಟ್ಟಿತೆಂದರೆ ಪರಾಗ ಯಾವ ಗಂಡಿನಿಂದ ಬಂತೋ ಹೇಳಲಾಗದು. ಒಂದೇ ಜೀನಸ್‌ನ ಪ್ರಭೇದಗಳು, ಕಾಡಿನಲ್ಲಿ ಸಾವಿರಾರು ಕಿಲೋಮೀಟರ್ ದೂರ ಇದ್ದವು, ಉದ್ಯಾನದಲ್ಲಿ ಪಕ್ಕಪಕ್ಕ ನಿಂತಾಗ ಸಲೀಸಾಗಿ ಮಿಶ್ರವಾಗುತ್ತವೆ. ಎನ್ಸೆಫಲಾರ್ಟೋಸ್‌ನಲ್ಲಂತೂ ಇದು ತೀರಾ ಸಾಮಾನ್ಯ. ಬೀಜದ ಪೊಟ್ಟಣದ ಮೇಲೆ ಬರೆಯುವುದು ತಾಯಿಯ ಹೆಸರು ಮಾತ್ರ. ಮರಿಗಿಡ ಬಲಿತು ಕೋನ್ ಬಿಡುವ ತನಕ ಯಾರಿಗೂ ಅನುಮಾನ ಬರುವುದಿಲ್ಲ. ಹೀಗಾಗಿ ಕೈಯಿಂದ ಪರಾಗ ಹಾಕಿ, ಉಳಿದ ಪರಾಗ ಸೇರದಂತೆ ಹೆಣ್ಣು ಗೊಂಚಲನ್ನು ಬಟ್ಟೆಯಿಂದ ಮುಚ್ಚಿ ಪಡೆದ ಬೀಜವಲ್ಲದಿದ್ದರೆ ಅದರಿಂದ ಬಂದ ಗಿಡಕ್ಕೆ ಪ್ರಭೇದದ ಹೆಸರು ಖಚಿತವಾಗಿ ಬರೆಯಲು ಬರುವುದಿಲ್ಲ.

ಡಿಎನ್‌ಎ ಬಗ್ಗೆ: ಸಾಮಾನ್ಯ ಬಾರ್‌ಕೋಡ್ ಪರೀಕ್ಷೆ (ಗೊತ್ತಾದ ಒಂದೆರಡು ಜೀನ್ ಹೋಲಿಸಿ ಪ್ರಭೇದ ಗುರುತಿಸುವುದು) ಇಲ್ಲಿ ಕೈಕೊಡುತ್ತದೆ, ಅದಕ್ಕೆ ಕಾರಣ ಎರಡು. ಸೈಕಡ್ ವಂಶ ಡೈನೋಸಾರ್‌ಗಳಿಗಿಂತ ಹಳೆಯದಾದರೂ ಈಗಿರುವ ಪ್ರಭೇದಗಳಲ್ಲಿ ಹೆಚ್ಚಿನವು ಕವಲೊಡೆದದ್ದು ಸುಮಾರು 12 ದಶಲಕ್ಷ ವರ್ಷಗಳಿಂದೀಚೆಗೆ ಎಂದು 2011ರ ಅಧ್ಯಯನವೊಂದು ತೋರಿಸಿದೆ. ಅಷ್ಟು ಕಾಲದಲ್ಲಿ ಆರ್‌ಬಿಸಿಎಲ್, ಮ್ಯಾಟ್‌ಕೆಯಂಥ ನಿಧಾನವಾಗಿ ಬದಲಾಗುವ ಜೀನ್‌ಗಳಲ್ಲಿ ಗುರುತು ಹಿಡಿಯುವಷ್ಟು ವ್ಯತ್ಯಾಸ ಸೇರಿರುವುದಿಲ್ಲ. ಹತ್ತಿರದ ಪ್ರಭೇದಗಳು ಒಂದೇ ಅನುಕ್ರಮ ತೋರಿಸುತ್ತವೆ. ಎರಡನೆಯದು, ಈ ಎರಡೂ ಜೀನ್‌ಗಳು ಕ್ಲೋರೊಪ್ಲಾಸ್ಟಿನವು, ಕ್ಲೋರೊಪ್ಲಾಸ್ಟ್ ತಾಯಿಯಿಂದ ಬರುತ್ತದೆ. ಮಿಶ್ರ ಗಿಡವನ್ನು ಕಳಿಸಿದರೆ ಪ್ರಯೋಗಾಲಯ ತಾಯಿಯ ಹೆಸರನ್ನಷ್ಟೇ ಹೇಳಿ ಸುಮ್ಮನಾಗುತ್ತದೆ, ನೀವು ಅದನ್ನೇ ನಂಬಿ ಶುದ್ಧ ಪ್ರಭೇದವೆಂದು ಫಲಕ ಬರೆಸುತ್ತೀರಿ. ಮಿಶ್ರಣ ಪತ್ತೆಯಾಗಬೇಕಾದರೆ ಕೋಶಕೇಂದ್ರದ ಹಲವು ಜೀನ್‌ಗಳನ್ನು, ಕಾಡಿನಿಂದ ತಂದ ಖಚಿತ ಮಾದರಿಗಳ ಜೊತೆ ಹೋಲಿಸಬೇಕು. ಹೋಲಿಸಲು ಖಚಿತ ಮಾದರಿ ಇಲ್ಲದ ಪ್ರಯೋಗಾಲಯಕ್ಕೆ ಕಳಿಸಬೇಡಿ. ಜೆನ್‌ಬ್ಯಾಂಕ್ ಎಂಬ ಆನ್‌ಲೈನ್ ಡಿಎನ್‌ಎ ಸಂಗ್ರಹದಲ್ಲಿರುವ ಅನುಕ್ರಮಗಳಲ್ಲೂ ಉದ್ಯಾನದ ತಪ್ಪು ಫಲಕದ ಗಿಡದಿಂದ ತೆಗೆದವು ಇರಬಹುದು.

ಎರಡನೆಯ ಗಿಡದ ಲಕ್ಷಣ ನೋಡಿದರೆ ಮಿಶ್ರತಳಿ ಎಂದೇ ನನ್ನ ಅನಿಸಿಕೆ.

ಒಣಮಾದರಿ

ಅನಿಸಿಕೆ ಫಲಕದ ಮೇಲೆ ಬರಬಾರದು. ಎರಡನೆಯ ಗಿಡಕ್ಕೆ "ಸೈಕಾಸ್ ಸಿಎಫ್. ರಂಫಿಯೈ, ಉದ್ಯಾನಮೂಲ" ಎಂದು ಬರೆಯಿರಿ. ಸಿಎಫ್. ಎಂದರೆ ಈ ಹೆಸರಿನ ಗಿಡದ ಜೊತೆ ಹೋಲಿಸಿ ನೋಡಬೇಕು, ಖಚಿತವಿಲ್ಲ ಎಂದು. ಯಾವ ಹೆಸರಿನ ಪ್ರಭೇದವೂ ಅಲ್ಲ, ಆದರೆ ಇದಕ್ಕೆ ಹತ್ತಿರ ಎಂದು ಹೇಳಬೇಕಾದಾಗ ಆಫ್. ಎಂದು ಬರೆಯುತ್ತಾರೆ. ಇವೆರಡನ್ನೂ ಅದಲುಬದಲು ಮಾಡಬೇಡಿ.

ಮೊದಲ ಗಿಡಕ್ಕೆ ಸರ್ಸಿನಾಲಿಸ್ ಎಂದು ಬರೆಯುವ ಮುನ್ನ ಇನ್ನೊಂದು ಎಚ್ಚರ. ದಕ್ಷಿಣ ಭಾರತದಲ್ಲಿ ಇರುವುದು ಇದೊಂದೇ ಅಲ್ಲ. ಕೇರಳದಿಂದ 2006ರಲ್ಲಿ ಸೈಕಾಸ್ ಅನ್ನೈಕಲೆನ್ಸಿಸ್, ಕರ್ನಾಟಕದಿಂದ 2007ರಲ್ಲಿ ಸೈಕಾಸ್ ಇಂಡಿಕಾ ಹೊಸ ಪ್ರಭೇದಗಳಾಗಿ ಪ್ರಕಟವಾಗಿವೆ. ಸ್ಪಂಜಿನ ಪದರ ಇಲ್ಲ ಎಂಬುದು ರಂಫಿಯೈ ಗುಂಪನ್ನು ತಳ್ಳಿಹಾಕುತ್ತದೆ, ಅಷ್ಟೇ. ಮೂಲ ಪ್ರಕಟಣೆಯ ಮೆಗಾಸ್ಪೊರೊಫಿಲ್ ಚಿತ್ರ ಪಕ್ಕದಲ್ಲಿಟ್ಟು ನೋಡಿ, ಸಂಗ್ರಹಿಸಿದ ಕಾಡು ಯಾವುದೆಂದು ಹಳೆಯ ರಿಜಿಸ್ಟರಿನಲ್ಲಿ ಹುಡುಕಿ. ಕಾಡಿನ ಹೆಸರೊಂದು ಸಿಕ್ಕರೆ ಹತ್ತು ಅಳತೆಗಿಂತ ಮೇಲು.

ಸ್ಟ್ಯಾಂಗೇರಿಯಾ: ಈ ಗಿಡಕ್ಕೆ ಹೆಸರಿನ ಗ್ರಹಚಾರ ಮೊದಲಿಂದಲೂ ಇದೆ. ಕುಂಟ್ಸೆ 1830ರ ದಶಕದಲ್ಲಿ ಕೋನ್ ಇಲ್ಲದ ಮಾದರಿ ನೋಡಿ ಇದನ್ನು ಜರಿಗಿಡವೆಂದು ಭಾವಿಸಿ ಲೊಮೇರಿಯಾ ಜೀನಸ್‌ಗೆ ಸೇರಿಸಿದ್ದ. ಕೋನ್ ಬಂದ ಮೇಲಷ್ಟೇ ಸೈಕಡ್ ಎಂದು ತಿಳಿದು, 1853ರಲ್ಲಿ ಮೂರ್ ಸ್ಟ್ಯಾಂಗೇರಿಯಾ ಪ್ಯಾರಡಾಕ್ಸಾ ಎಂದು ಕರೆದ. ಆದರೆ ಕುಂಟ್ಸೆ ಕೊಟ್ಟಿದ್ದ ಎರಿಯೋಪಸ್ ಎಂಬ ಪ್ರಭೇದನಾಮಕ್ಕೆ ಆದ್ಯತೆ ಇರುವುದರಿಂದ ಈಗ ಸ್ಟ್ಯಾಂಗೇರಿಯಾ ಎರಿಯೋಪಸ್. ಕುಟುಂಬದ ವಿಷಯಕ್ಕೆ ಬಂದರೆ, ಜಾನ್ಸನ್ 1959ರಲ್ಲಿ ಸೈಕಡ್‌ಗಳನ್ನು ಮೂರು ಕುಟುಂಬ ಮಾಡಿದರು, ಅದರಲ್ಲಿ ಸ್ಟ್ಯಾಂಗೇರಿಯೇಸಿ ಒಂದು. ಆಮೇಲೆ ಬೋವೇನಿಯಾವನ್ನೂ ಅದಕ್ಕೆ ಸೇರಿಸಿದವರಿದ್ದರು. ಡಿಎನ್‌ಎ ಅಧ್ಯಯನದಲ್ಲಿ ಇವೆರಡೂ ಪರಸ್ಪರ ಹತ್ತಿರದವಲ್ಲ, ಝಾಮಿಯೇಸಿಯ ಒಳಗೇ ಬೇರೆ ಬೇರೆ ಕಡೆ ಕೂರುತ್ತವೆ ಎಂದು ಕಂಡಿತು. ಈಗ ಕುಟುಂಬ ಎರಡೇ: ಸೈಕಾಸ್ ಒಂದೇ ಇರುವ ಸೈಕಡೇಸಿ, ಉಳಿದ ಒಂಬತ್ತು ಜೀನಸ್‌ಗಳ ಝಾಮಿಯೇಸಿ. ಫಲಕದಲ್ಲಿ ಝಾಮಿಯೇಸಿ ಎಂದು ಹಾಕಿಸಿ.

ಝಾಮಿಯಾ ಫಿಷರಿ ಹೆಸರಿನಲ್ಲಿ ನರ್ಸರಿಗಳಿಂದ ಹರಡಿರುವುದು ಬಹುಪಾಲು ಝಾಮಿಯಾ ವಾಸ್ಕೆಝಿಯೈ. ಎರಡೂ ಮೆಕ್ಸಿಕೊದವು. ಕಿರುಎಲೆ ಅಗಲವಾಗಿ ಮೊಟ್ಟೆಯಾಕಾರಕ್ಕೆ ಹತ್ತಿರವಿದ್ದು ಅಂಚಿಗೆ ಹಲ್ಲಿದ್ದರೆ ವಾಸ್ಕೆಝಿಯೈ. ಕಿರಿದಾಗಿ ಭರ್ಜಿಯಾಕಾರವಿದ್ದರೆ ಫಿಷರಿ.

ಹೆಸರು ಈಗಲೂ ಒಪ್ಪಿತವೇ ಎಂದು ನೋಡಲು ವರ್ಲ್ಡ್ ಲಿಸ್ಟ್ ಆಫ್ ಸೈಕಡ್ಸ್ ಬಳಸಿ. ಪಟ್ಟಿ ಹೇಳುವುದು ಹೆಸರಿನ ಸ್ಥಿತಿಯನ್ನು, ನಿಮ್ಮ ಗಿಡ ಯಾವುದೆಂದು ಅಲ್ಲ. ಫಲಕದ ಹಿಂಬದಿಗೋ ರಿಜಿಸ್ಟರಿಗೋ ಗಿಡದ ಸಂಖ್ಯೆ, ಮೂಲ, ಗುರುತಿಸಿದವರು, ತಾರೀಖು, ಯಾವ ಲಕ್ಷಣದ ಮೇಲೆ ಗುರುತಿಸಿದ್ದು ಎಂಬಷ್ಟನ್ನು ಬರೆಯಿರಿ. ಹಳೆಯ ಹೆಸರನ್ನು ಅಳಿಸಬೇಡಿ, ಕೆಳಗೆ "ಹಿಂದಿನ ಫಲಕ" ಎಂದು ಉಳಿಸಿ. ಹಳೆಯ ಬರಹದಲ್ಲಿ ಈ ಗಿಡದ ಉಲ್ಲೇಖವಿದ್ದರೆ ಕೊಂಡಿ ಅದೊಂದೇ. ಕೊಯ್ದ ಬೀಜದ ಅರ್ಧ ಭಾಗ ಮತ್ತು ಒಣಗಿಸಿದ ಮೆಗಾಸ್ಪೊರೊಫಿಲ್‌ಗಳನ್ನು ಅದೇ ಸಂಖ್ಯೆ ಹಾಕಿ ಹರ್ಬೇರಿಯಂಗೆ (ಒಣಸಸ್ಯ ಮಾದರಿಗಳ ಸಂಗ್ರಹ) ಸೇರಿಸಿ.

ಮುಳ್ಳುತೊಟ್ಟು

ಒಂದು ಸೇರಿಸುತ್ತೇನೆ. ಗಿಡ, ಬೀಜ ವಿನಿಮಯ ಮಾಡುವವರು ಹೆಸರು ತಿದ್ದುವ ಮುನ್ನ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಪಟ್ಟಿ ನೋಡಿ. ಎನ್ಸೆಫಲಾರ್ಟೋಸ್, ಸ್ಟ್ಯಾಂಗೇರಿಯಾ, ಸೆರಾಟೋಝಾಮಿಯಾ, ಮೈಕ್ರೋಸೈಕಾಸ್ ಇಡೀ ಜೀನಸ್‌ಗಳೇ ಅತಿ ಕಟ್ಟುನಿಟ್ಟಿನ ಒಂದನೇ ಅನುಬಂಧದಲ್ಲಿವೆ. ಸೈಕಾಸ್‌ನಲ್ಲಿ ಆಂಧ್ರದ ಬೆಟ್ಟಗಳ ಬೆಡೋಮಿಯೈ ಒಂದೇ ಅದರಲ್ಲಿದೆ, ಉಳಿದ ಸೈಕಾಸ್ ಎರಡನೇ ಅನುಬಂಧಕ್ಕೆ ಸೇರುತ್ತವೆ. ಕಿರಿದಾದ ಕಿರುಎಲೆ ನೋಡಿ ರೆವೊಲ್ಯೂಟಕ್ಕೆ ಬೆಡೋಮಿಯೈ ಎಂದು ಬರೆದರೆ ಇಲ್ಲದ ನಿರ್ಬಂಧ ತಲೆಗೆ ಬರುತ್ತದೆ. ಬೆಡೋಮಿಯೈಯನ್ನು ರೆವೊಲ್ಯೂಟ ಎಂದು ಕಳಿಸಿದರೆ ಕಾನೂನು ಮುರಿದಂತೆ. ಈ ಎರಡಕ್ಕೆ ಅಂಡಕದ ರೋಮವೇ ಬೇಗ ಸಿಗುವ ಪರೀಕ್ಷೆ: ರೆವೊಲ್ಯೂಟದ್ದು ರೋಮ, ಬೆಡೋಮಿಯೈದು ನುಣುಪು.